ಪ್ರಶ್ನೋತ್ತರ: ಕಾಲೇಜು ಅರ್ಜಿಗೆ ಮಗಳ ಪ್ರೊಫೈಲ್‌ನಲ್ಲಿ ಇನ್ನೂ ಏನು ಸೇರಿಸಬೇಕು?

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿಯ ಒಬ್ಬ ತಾಯಿ):
ಮೇಡಂ, ನಮಸ್ಕಾರ. ಮಗಳು ಈಗ ಹತ್ತನೇ ಗ್ರೇಡ್. ಹೆಚ್ಚೂಕಡಿಮೆ ಎಲ್ಲದರಲ್ಲೂ ಎ ಬರುತ್ತೆ. ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಜೊತೆಗೆ ರೋಬೋಟಿಕ್ಸ್, ಡಿಬೇಟ್, ಪಿಯಾನೊ, ಲೈಬ್ರರಿಯಲ್ಲಿ ವಾಲಂಟಿಯರ್ ಕೆಲಸ, ಶನಿವಾರ ಗಣಿತದ ಟ್ಯೂಷನ್. ಅವಳ ಗೆಳತಿಯರು ನಾನ್‌ಪ್ರಾಫಿಟ್ ಶುರು ಮಾಡುತ್ತಿದ್ದಾರೆ. ಬೇಸಿಗೆಗೆ ದೊಡ್ಡ ಯೂನಿವರ್ಸಿಟಿಗಳ ಕ್ಯಾಂಪಿಗೆ ಸಾವಿರಾರು ಡಾಲರ್ ಕಟ್ಟುತ್ತಿದ್ದಾರೆ. ನಾವು ಇನ್ನೂ ಏನು ಸೇರಿಸಬೇಕು? ಈಗಲೇ ಮಲಗೋದು ಹನ್ನೆರಡು ಗಂಟೆ ಆಗುತ್ತೆ.

ಉತ್ತರ:
ನಮಸ್ಕಾರ. ಏನನ್ನೂ ಸೇರಿಸಬೇಡಿ, ಒಂದೆರಡನ್ನು ಬಿಡಿಸಿ. ಹನ್ನೆರಡಕ್ಕೆ ಮಲಗುವ ಹುಡುಗಿಗೆ ಮೊದಲು ಬೇಕಾಗಿರುವುದು ನಿದ್ದೆ. ಅರ್ಜಿಯ ಲೆಕ್ಕದಲ್ಲೂ ಅದೇ ಸರಿ. ಯಾಕೆಂದರೆ ಕಾಲೇಜಿನವರು ಮೊದಲು ನೋಡುವುದು ಕ್ಲಾಸಿನ ಓದನ್ನು. ನಿದ್ದೆಗೆಟ್ಟರೆ ಮೊದಲು ಕೆಡುವುದೂ ಅದೇ.

ನೀವೇ ಪರೀಕ್ಷಿಸಿ ನೋಡಬಹುದು. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ 'ಕಾಮನ್ ಡೇಟಾ ಸೆಟ್' ಅನ್ನುವ ದಾಖಲೆ ಹಾಕುತ್ತವೆ. ಅದರಲ್ಲಿ ಸಿ7 ಅನ್ನುವ ಭಾಗ ತೆಗೆಯಿರಿ. ಗ್ರೇಡು, ಕೋರ್ಸುಗಳ ಮಟ್ಟ, ಪ್ರಬಂಧ, ಶಿಫಾರಸು ಪತ್ರ, ಚಟುವಟಿಕೆ, ಇವಕ್ಕೆ ಎಷ್ಟೆಷ್ಟು ಬೆಲೆ ಕೊಡುತ್ತೇವೆ ಅಂತ ಕಾಲೇಜೇ ಅಲ್ಲಿ ಗುರುತು ಹಾಕಿರುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತಿಗಿಂತ ಆ ಒಂದು ಪುಟವನ್ನು ನಂಬಿ.

ಕೋರ್ಸುಗಳ ವಿಷಯದಲ್ಲಿ ಪಕ್ಕದ ಊರಿನ ಮಗುವಿನ ಜೊತೆ ಹೋಲಿಕೆ ಬೇಡ. ಅರ್ಜಿಯ ಜೊತೆ ನಿಮ್ಮ ಶಾಲೆಯ ಕೌನ್ಸೆಲರ್ 'ಸ್ಕೂಲ್ ಪ್ರೊಫೈಲ್' ಕಳಿಸುತ್ತಾರೆ. ಶಾಲೆಯಲ್ಲಿ ಎಷ್ಟು ಎಪಿ ಕೋರ್ಸುಗಳಿವೆ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸುಗಳು), ಗ್ರೇಡಿಂಗ್ ಹೇಗೆ, ಎಲ್ಲ ಅದರಲ್ಲಿರುತ್ತದೆ. ಅಲ್ಲಿ ಸಿಗುವುದರಲ್ಲಿ ನಿಮ್ಮ ಮಗಳು ಏನು ಆರಿಸಿಕೊಂಡಳು ಅನ್ನುವುದೇ ಮುಖ್ಯ. ಶಾಲೆಯಲ್ಲಿ ಇರುವುದೇ ಆರು ಎಪಿ ಆದರೆ ಹನ್ನೆರಡು ಯಾಕಿಲ್ಲ ಅಂತ ಯಾರೂ ಕೇಳುವುದಿಲ್ಲ. ಹನ್ನೊಂದನೇ ಗ್ರೇಡಿನ ಕೋರ್ಸುಗಳನ್ನು ಆರಿಸುವ ಮೊದಲು ಆ ಕೌನ್ಸೆಲರ್ ಹತ್ತಿರ ಒಮ್ಮೆ ಕೂತು ಮಾತಾಡಿ. ಅವರೇ ಮುಂದೆ ಮಗಳ ಬಗ್ಗೆ ಪತ್ರ ಬರೆಯುವವರು. ಮಗಳ ಪರಿಚಯ ಅವರಿಗೆ ಈಗಿನಿಂದಲೇ ಆಗಲಿ.

ಇನ್ನು ಚಟುವಟಿಕೆಗಳು. ಬಹಳಷ್ಟು ಕಾಲೇಜುಗಳು ಒಪ್ಪುವ ಒಂದೇ ಆನ್‌ಲೈನ್ ಅರ್ಜಿ 'ಕಾಮನ್ ಆಪ್'ನಲ್ಲಿ 10 ಚಟುವಟಿಕೆಗಳಿಗೆ ಜಾಗ ಇದೆ. ಒಂದೊಂದರ ವಿವರಣೆಗೆ 150 ಅಕ್ಷರ, ಖಾಲಿ ಜಾಗವೂ ಸೇರಿ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ಕೇಳುತ್ತಾರೆ. ಸುಮ್ನೆ ಹೆಸರಿಗೆ ಸೇರಿಕೊಂಡ ಕ್ಲಬ್ಬು ಅಲ್ಲೇ ಗೊತ್ತಾಗಿಬಿಡುತ್ತದೆ. ಎಂಐಟಿ ಅರ್ಜಿಯಲ್ಲಂತೂ ನಾಲ್ಕಕ್ಕೆ ಮಾತ್ರ ಜಾಗ. ಹತ್ತೂ ತುಂಬಿಸಲೇಬೇಕು ಅಂತ ಎಲ್ಲೂ ಇಲ್ಲ.

ನಿಮ್ಮ ಮನೆಯಲ್ಲಿ ಅತಿ ಗಟ್ಟಿಯಾದದ್ದು ನೃತ್ಯ. ಆದರೆ 'ರಂಗಪ್ರವೇಶ ಮಾಡಿದ್ದೇನೆ' ಅಂತಷ್ಟೇ ಬರೆದರೆ ಓದುವವರಿಗೆ ಅದು ಏನು ಅಂತಲೇ ಗೊತ್ತಿರಲಿಕ್ಕಿಲ್ಲ. ಎಷ್ಟು ವರ್ಷದ ಅಭ್ಯಾಸ, ಒಬ್ಬಳೇ ಎಷ್ಟು ಹೊತ್ತು ಕುಣಿದಳು, ಹಾಡುವವರು ನುಡಿಸುವವರು ವೇದಿಕೆಯ ಮೇಲೇ ಇದ್ದರು ಅನ್ನುವುದನ್ನು ಬರೆಯಬೇಕು. ಹಾಲ್ ಎಷ್ಟು ದೊಡ್ಡದು, ಊಟಕ್ಕೆ ಎಷ್ಟು ಜನ ಬಂದರು ಅನ್ನುವುದಕ್ಕೆ ಯಾವ ಬೆಲೆಯೂ ಇಲ್ಲ. ಅದಕ್ಕೆ ಸಾಲ ಮಾಡಬೇಡಿ. ಅದರ ಬದಲು ಅವಳು ಚಿಕ್ಕ ಮಕ್ಕಳಿಗೆ ಅಡವು ಹೇಳಿಕೊಡಲಿ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಅಕ್ಕಮಹಾದೇವಿಯ ಒಂದು ವಚನಕ್ಕೆ ತಾನೇ ನೃತ್ಯ ಕಟ್ಟಲಿ. ಗುರು ಕಲಿಸಿದ್ದನ್ನು ಮಾಡುವುದು ಒಂದು ಹಂತ. ತಾನೇ ಯೋಚಿಸಿ ಏನಾದರೂ ಮಾಡುವುದು ಅದರ ಮುಂದಿನ ಹಂತ, ಅಲ್ವಾ?

ನಾನ್‌ಪ್ರಾಫಿಟ್ ಬಗ್ಗೆ ನನ್ನ ಅಭಿಪ್ರಾಯ ಖಾರವಾಗಿದೆ. ಅಪ್ಪನ ದುಡ್ಡು, ಒಂದು ವೆಬ್‌ಸೈಟು, ಒಂದು ಲೋಗೊ, ಹನ್ನೆರಡನೇ ಗ್ರೇಡ್ ಮುಗಿದ ಮೇಲೆ ಎಲ್ಲ ಬಂದ್. ಅರ್ಜಿ ಓದುವವರು ಇಂಥದ್ದನ್ನು ಬೇಕಾದಷ್ಟು ನೋಡಿರುತ್ತಾರೆ. ಅವಳು ಹೋಗುವ ಲೈಬ್ರರಿಯಲ್ಲೇ ಮಕ್ಕಳಿಗೆ ವಾರಕ್ಕೊಂದು ಕಥೆಯ ಕಾರ್ಯಕ್ರಮ ಶುರು ಮಾಡಿ ಎರಡು ವರ್ಷ ನಡೆಸಿದರೆ ಅದು ನಿಜವಾದ ಕೆಲಸ.

ದುಡ್ಡು ಕಟ್ಟಿ ಹೋಗುವ ಬೇಸಿಗೆ ಕ್ಯಾಂಪುಗಳಿಂದ ಆ ಯೂನಿವರ್ಸಿಟಿಗೆ ಸೀಟು ಹತ್ತಿರ ಆಗುವುದಿಲ್ಲ. ಕಲಿಯಲು ಇಷ್ಟ ಇದ್ದರೆ, ಕೈಯಲ್ಲಿ ದುಡ್ಡಿದ್ದರೆ ಕಳಿಸಿ. ನಿಜಕ್ಕೂ ಆರಿಸಿ ತೆಗೆದುಕೊಳ್ಳುವ ಕೆಲವು ಕಾರ್ಯಕ್ರಮಗಳಿಗೆ ಶುಲ್ಕವೇ ಇಲ್ಲ: ಎಂಐಟಿಯಲ್ಲಿ ನಡೆಯುವ ಆರ್‌ಎಸ್‌ಐ, ಅಲ್ಲಿನದೇ ಎಂಐಟಿಇಎಸ್, ಟೆಲ್ಯುರೈಡ್ ಅಸೋಸಿಯೇಷನ್ನಿನ ಬೇಸಿಗೆ ಸೆಮಿನಾರ್. ಅವು ಸಿಗುವುದು ಬಹಳ ಕಷ್ಟ. ಸಿಗದಿದ್ದರೆ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡಲಿ. ನಮ್ಮವರಿಗೆ ಇದು ಸಣ್ಣ ಕೆಲಸ ಅನ್ನಿಸುತ್ತೆ. ಆದರೆ ಕಾಮನ್ ಆಪ್‌ನಲ್ಲಿ ಸಂಬಳದ ಕೆಲಸಕ್ಕೆ ಪ್ರತ್ಯೇಕ ವರ್ಗವೇ ಇದೆ. ಮನೆ ಜವಾಬ್ದಾರಿಗೂ ಇದೆ. ಅಜ್ಜಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಅವರ ಪರವಾಗಿ ಮಾತಾಡುವುದು, ತಮ್ಮನನ್ನು ನೋಡಿಕೊಳ್ಳುವುದು, ಇವನ್ನೆಲ್ಲ ಬರೆಯಬಹುದು. ನಮ್ಮ ಮಕ್ಕಳು ಇದನ್ನು ಬರೆಯುವುದೇ ಇಲ್ಲ.

ಯಾವುದನ್ನು ಬಿಡುವುದು ಅಂತ ನಾನು ಹೇಳುವುದಿಲ್ಲ, ಮಗಳನ್ನೇ ಕೇಳಿ. ಯಾರೂ ಹೇಳದಿದ್ದರೂ ಯಾವುದಕ್ಕೆ ಕೂರುತ್ತಾಳೋ ಅದು ಉಳಿಯಲಿ.

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾದ ಒಬ್ಬ ತಂದೆ):
ಮೇಡಂ, ಮಗ ಹನ್ನೊಂದನೇ ಗ್ರೇಡ್. ಯುಸಿಗಳಿಗೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು) ಹಾಕುತ್ತಾನೆ, ಹೊರಗೂ ಹಾಕುತ್ತಾನೆ. ಪ್ರವೇಶಕ್ಕೆ ಎಸ್‌ಎಟಿ ಪರೀಕ್ಷೆ ಬರೆಯಲೇಬೇಕಾ? ಭಾನುವಾರದ ಕನ್ನಡ ಶಾಲೆ ಲೆಕ್ಕಕ್ಕೆ ಬರುತ್ತಾ?

ಉತ್ತರ:
ಯುಸಿಗಳು ಎಸ್‌ಎಟಿ ಅಂಕವನ್ನು ಪ್ರವೇಶಕ್ಕೆ ನೋಡುವುದೇ ಇಲ್ಲ. ಹೊರಗೆ ಕಥೆ ಬೇರೆ. ಎಂಐಟಿ 2022ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಹಾರ್ವರ್ಡ್, ಡಾರ್ಟ್ಮತ್, ಕ್ಯಾಲ್‌ಟೆಕ್ ಕೂಡ ಅದೇ ದಾರಿ ಹಿಡಿದವು. ಹಾಗಾಗಿ ಒಮ್ಮೆ ಬರೆಯಲಿ.

ಯುಸಿ ಅರ್ಜಿಯ ಸ್ವಭಾವವೇ ಬೇರೆ. ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುವುದು ಹತ್ತು ಮತ್ತು ಹನ್ನೊಂದನೇ ಗ್ರೇಡಿನ 'ಎ-ಜಿ' ಕೋರ್ಸುಗಳಿಂದ (ಯುಸಿ ಕಡ್ಡಾಯವಾಗಿ ಕೇಳುವ ಹೈಸ್ಕೂಲ್ ವಿಷಯಗಳು). ಅಂದರೆ ನಿಮ್ಮ ಮಗನಿಗೆ ಈ ವರ್ಷವೇ ದೊಡ್ಡದು. ಸಾಮಾನ್ಯವಾಗಿ ಶಿಫಾರಸು ಪತ್ರ ಕೇಳುವುದಿಲ್ಲ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಬರೆಯಬೇಕು, ಒಂದೊಂದಕ್ಕೆ 350 ಪದದ ಮಿತಿ. ಇಲ್ಲಿ ಅಲಂಕಾರ ಬೇಡ, ನೇರವಾಗಿ ಬರೆಯಲಿ. ಏನು ಮಾಡಿದೆ, ಯಾಕೆ ಮಾಡಿದೆ, ಏನಾಯಿತು, ಅಷ್ಟು ಸಾಕು.

ಕನ್ನಡ ಖಂಡಿತ ಲೆಕ್ಕಕ್ಕೆ ಬರುತ್ತೆ. ವರ್ಷಗಟ್ಟಲೆ ಹೋಗಿದ್ದರೆ ಅದು ಒಳ್ಳೆಯ ಚಟುವಟಿಕೆ. ಈಗ ಅಲ್ಲೇ ಚಿಕ್ಕವರಿಗೆ ಕಲಿಸುತ್ತಿದ್ದರೆ ಇನ್ನೂ ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ 'ಸೀಲ್ ಆಫ್ ಬೈಲಿಟರಸಿ' ಅಂತ ಇದೆ, ಎರಡು ಭಾಷೆಗಳಲ್ಲಿ ಓದು ಬರಹ ಬಲ್ಲವರ ಡಿಪ್ಲೊಮಾದ ಮೇಲೆ ಮುದ್ರೆ ಬೀಳುತ್ತದೆ. ಅದಕ್ಕೆ ಕನ್ನಡದ ಯಾವ ಪರೀಕ್ಷೆ ಒಪ್ಪುತ್ತೀರಿ ಅಂತ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಈಗಲೇ ಬರೆದು ಕೇಳಿ. ಹನ್ನೆರಡನೇ ಗ್ರೇಡಿನ ತನಕ ಕಾಯಬೇಡಿ.

ಪ್ರಶ್ನೆ (ಡಲ್ಲಾಸಿನ ಒಬ್ಬ ತಾಯಿ):
ಒಬ್ಬ ಕನ್ಸಲ್ಟೆಂಟ್ 'ಪ್ರಬಂಧ ನಾವೇ ಬರೆದುಕೊಡುತ್ತೇವೆ' ಅಂತಾರೆ. ಎಲ್ಲರೂ ಹಾಗೇ ಮಾಡೋದಂತೆ, ನಿಜಾನಾ?

ಉತ್ತರ:
ಇಲ್ಲ ಅಮ್ಮಾ, ದಯವಿಟ್ಟು ಅದಕ್ಕೆ ಒಪ್ಪಬೇಡಿ. ಇದು ನನ್ನದೇ ಕೆಲಸ ಅಂತ ಮಗು ಸಹಿ ಹಾಕಿ ಅರ್ಜಿ ಕಳಿಸುತ್ತದೆ. ಹದಿನೇಳು ವರ್ಷದ ಮಗುವಿನ ಕೈಲಿ ಸುಳ್ಳಿಗೆ ಸಹಿ ಹಾಕಿಸುವುದು ಬೇಡ. 2019ರಲ್ಲಿ 'ವಾರ್ಸಿಟಿ ಬ್ಲೂಸ್' ಅನ್ನುವ ಕಾಲೇಜು ಪ್ರವೇಶದ ಹಗರಣ ಬಯಲಾದಾಗ, ಆಡದ ಆಟದ ಹೆಸರಲ್ಲಿ ನಕಲಿ ಪ್ರೊಫೈಲ್ ಮಾಡಿಸಿದ್ದ ಅಪ್ಪ ಅಮ್ಮಂದಿರು ಜೈಲಿಗೆ ಹೋದರು.

ಕಾಮನ್ ಆಪ್ ಪ್ರಬಂಧ 650 ಪದ ಮೀರುವಂತಿಲ್ಲ. ತಿದ್ದಿಕೊಡಿ, ಪ್ರಶ್ನೆ ಕೇಳಿ, ಕಾಗುಣಿತ ನೋಡಿ. ವಾಕ್ಯ ಮಾತ್ರ ಮಗುವಿನದೇ ಇರಲಿ. ಒಂದು ವಿಷಯ ಹೇಳಲೇಬೇಕು: 'ಬೇಸಿಗೆಯಲ್ಲಿ ಭಾರತಕ್ಕೆ ಹೋಗಿ ಬಡತನ ನೋಡಿದೆ, ನನ್ನ ಕಣ್ಣು ತೆರೆಯಿತು' ಅನ್ನುವ ಪ್ರಬಂಧ ಬೇಡ. ಅದರಲ್ಲಿ ಮಗುವೂ ಕಾಣುವುದಿಲ್ಲ, ಆ ಊರಿನ ಜನರೂ ಕಾಣುವುದಿಲ್ಲ.

ಪ್ರಶ್ನೆ (ಮೈಸೂರಿನಿಂದ ಒಬ್ಬರು):
ಮೇಡಂ, ತಂಗಿಯ ಮಗ ಇಲ್ಲೇ ಫಸ್ಟ್ ಪಿಯು. ಅಮೆರಿಕಕ್ಕೆ ಹೋಗಬೇಕು ಅಂತಾನೆ. ಸಿಇಟಿ, ಜೆಇಇ ಕೋಚಿಂಗಿನಲ್ಲೇ ದಿನ ಹೋಗುತ್ತೆ. ಅವನಿಗೆ ಏನು ಹೇಳುತ್ತೀರಿ?

ಉತ್ತರ:
ಅವನಿಗೆ ದೊಡ್ಡ ಕಷ್ಟ ಶಿಫಾರಸು ಪತ್ರದ್ದು. ಎಸ್‌ಎಸ್‌ಎಲ್‌ಸಿ ಮುಗಿಸಿ ಹೊಸ ಕಾಲೇಜಿಗೆ ಬಂದಿದ್ದಾನೆ, ಸೆಕ್ಷನ್ ದೊಡ್ಡದು, ಲೆಕ್ಚರರ್‌ಗೆ ಅವನ ಮುಖವೇ ಗೊತ್ತಿರುವುದಿಲ್ಲ. ಹಾಗಾಗಿ ಈಗಿನಿಂದಲೇ ಇಬ್ಬರು ಲೆಕ್ಚರರ್‌ಗಳ ಹತ್ತಿರ ಕ್ಲಾಸಾದ ಮೇಲೆ ಹೋಗಿ ಸಂಶಯ ಕೇಳಲಿ, ಲ್ಯಾಬಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಇರಲಿ. ಕಾಲೇಜಿನಲ್ಲಿ ಕೌನ್ಸೆಲರ್ ಇಲ್ಲದಿದ್ದರೆ ಪ್ರಿನ್ಸಿಪಾಲರೇ ಆ ಜಾಗದಲ್ಲಿ ನಿಂತು ದಾಖಲೆ ಕಳಿಸಬಹುದು. ಅವರಿಗೆ ಮೊದಲೇ ಹೇಳಿಡಿ.

ಒಂಬತ್ತನೇ ತರಗತಿಯಿಂದ ಹಿಡಿದು ಎಲ್ಲ ಅಂಕಪಟ್ಟಿ ಬೇಕು, ಹಳೆಯ ಶಾಲೆಯಿಂದ ತೆಗೆದಿಡಿ. ಹೆಚ್ಚಿನ ಕಾಲೇಜುಗಳ ಕೊನೆ ದಿನಾಂಕ ನವೆಂಬರ್‌ನಿಂದ ಜನವರಿಯ ಒಳಗೆ ಬರುತ್ತೆ. ಸೆಕೆಂಡ್ ಪಿಯು ಫಲಿತಾಂಶ ಅದಾದ ಮೇಲೆ. ಹಾಗಾಗಿ ಫಸ್ಟ್ ಪಿಯು ಅಂಕಗಳನ್ನು 'ಬರೀ ಇಂಟರ್ನಲ್' ಅಂತ ಕಡೆಗಣಿಸಬೇಡಿ. ಅಲ್ಲಿ ಅದನ್ನೇ ನೋಡುತ್ತಾರೆ.

ದುಡ್ಡಿನ ಮಾತನ್ನು ಮನೆಯಲ್ಲಿ ಮೊದಲೇ ಆಡಿಬಿಡಿ. ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್ಹರ್ಸ್ಟ್‌ನಂಥ ಕೆಲವೇ ಕಡೆ ಹೊರದೇಶದ ಮಕ್ಕಳ ಆರ್ಥಿಕ ಸ್ಥಿತಿ ನೋಡದೆ ಆರಿಸುತ್ತಾರೆ. ಬೇರೆ ಬಹಳಷ್ಟು ಕಡೆ ನೆರವು ಕೇಳಿದರೆ ಸೀಟು ಸಿಗುವುದು ಕಷ್ಟವಾಗುತ್ತೆ. ಈ ದಾರಿಗಾಗಿ ಅವನು ಸಿಇಟಿಯನ್ನು ಬಿಡುವುದು ಬೇಡ. ಕೋಚಿಂಗಿನಲ್ಲಿ ಒಂದು ಸಂಜೆ ಮಾತ್ರ ಬಿಡಿಸಿಕೊಂಡು, ತನಗೆ ಇಷ್ಟವಾದ ಒಂದು ಕೆಲಸ ಮಾಡಲಿ. ಆ ಕೆಲಸ ಯಾವುದು ಅಂತ ಕೇಳಿ ಇಲ್ಲಿ ಹಾಕಿ, ಅದನ್ನು ಮುಂದಕ್ಕೆ ಹೇಗೆ ಬೆಳೆಸಬಹುದು ಅಂತ ನೋಡೋಣ.