‘ಹಬ್ಲುಲ್ ವರೀದ್’, ‘ತನ್‌ಝೀಹ್’, ‘ಕುರ್ಬ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಒಂದು ಉರ್ದು ಉಪನ್ಯಾಸವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಾಹನು ಯಾವುದನ್ನೂ ಹೋಲದವನು, ಎಲ್ಲಕ್ಕೂ ಮೇಲಿನವನು ಎಂದು ಹೇಳುವ ಕುರ್‌ಆನೇ ಅವನು ತೀರಾ ಹತ್ತಿರದವನು ಎಂದೂ ಹೇಳುತ್ತದಲ್ಲ, ಅದರ ಬಗ್ಗೆ. ಹದಿನೆಂಟು ಪುಟ. ಹದಿನೇಳು ಸರಾಗ ಆಯ್ತು. ಉಳಿದ ಒಂದು ಪುಟ ಮೂರು ವಾರದಿಂದ ಮೇಜಿನ ಮೇಲೇ ಕೂತಿದೆ.

ಮೊದಲ ತೊಡಕು 50ನೇ ಅಧ್ಯಾಯದ 16ನೇ ವಾಕ್ಯದ್ದು. ‘ಮನುಷ್ಯನನ್ನು ನಾವು ಸೃಷ್ಟಿಸಿದೆವು, ಅವನ ಮನಸ್ಸು ಅವನಲ್ಲೇ ಪಿಸುಗುಡುವುದನ್ನು ನಾವು ಬಲ್ಲೆವು, ಅವನ ಹಬ್ಲುಲ್ ವರೀದ್‌ಗಿಂತ ನಾವು ಅವನಿಗೆ ಹತ್ತಿರ.’ ನಮ್ಮ ಮನೆಮಾತು ದಖನಿ ಉರ್ದು. ಅಮ್ಮ ಇದನ್ನು ಹೇಳುವಾಗ ‘ಶಹರಗ್ ಸೇ ಭೀ ಕರೀಬ್’ (ಕೊರಳ ನಾಳಕ್ಕಿಂತಲೂ ಹತ್ತಿರ) ಎಂದು ದವಡೆಯ ಕೆಳಗೆ ಎರಡು ಬೆರಳು ಒತ್ತಿ ತೋರಿಸುತ್ತಿದ್ದಳು. ಆ ಬೆರಳ ಕೆಳಗೆ ಮಿಡಿಯುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂಬುದೇ ನನ್ನ ಪ್ರಶ್ನೆ ಅಂದುಕೊಂಡಿದ್ದೆ. ಅಷ್ಟು ಸುಲಭವಾಗಿರಲಿಲ್ಲ.

ಅಲ್ಲಿ ಮಿಡಿಯುವುದು ಅಪಧಮನಿ. ‘ವರೀದ್’ ಎಂದರೆ ಇವತ್ತಿನ ಅರಬ್ಬಿ ವೈದ್ಯಕೀಯದಲ್ಲಿ ಅಭಿಧಮನಿ. ಅಪಧಮನಿಗೆ ಅವರದು ‘ಶಿರ್ಯಾನ್’ ಎಂಬ ಬೇರೆಯೇ ಪದ. ಹಳಬರಿಗೆ ಈ ವಿಂಗಡಣೆ ಇಷ್ಟು ಬಿಗಿಯಾಗಿರಲಿಲ್ಲ. ಕುರ್‌ಆನಿನ ಪದಗಳಿಗೆ ಕೋಶ ಬರೆದ ರಾಗಿಬ್ ಅಲ್ ಇಸ್ಫಹಾನಿ ‘ಯಕೃತ್ತಿಗೂ ಹೃದಯಕ್ಕೂ ಸೇರಿಕೊಂಡು ರಕ್ತ ಮತ್ತು ಪ್ರಾಣ ಹರಿಯುವ ನಾಳ’ ಎಂಬ ಅರ್ಥ ಕೊಡುತ್ತಾನೆ. ಧಾತು ವ-ರ-ದ: ನೀರಿಗೆ ಬರುವುದು, ಒಂಟೆಗಳು ಕುಡಿಯಲು ನೀರಿನ ತಾಣಕ್ಕೆ ಇಳಿಯುವುದು. ‘ಹಬ್ಲ್’ ಎಂದರೆ ಹಗ್ಗ. ಮರುಭೂಮಿಯವನ ಕಣ್ಣಿಗೆ ಕೊರಳ ನಾಳ ಹಗ್ಗವಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಅರಬ್ಬಿಯಲ್ಲಿ ಇದೊಂದೇ ಪದವೂ ಇಲ್ಲ. ಪ್ರಾಣಿಯನ್ನು ಜಬಹ್ ಮಾಡುವಾಗ, ಅಂದರೆ ವಿಧಿಪ್ರಕಾರ ಕೊಯ್ಯುವಾಗ, ಕತ್ತರಿಸಬೇಕಾದ ಕೊರಳ ಎರಡು ನಾಳಗಳಿಗೆ ಫಿಕ್ಹ್ (ಧರ್ಮಶಾಸ್ತ್ರ) ಗ್ರಂಥಗಳು ‘ವದಜ್’ ಎನ್ನುತ್ತವೆ. 69ನೇ ಅಧ್ಯಾಯದಲ್ಲಿ, ಪ್ರವಾದಿಯ ಬಗ್ಗೆ, ‘ಅವನೇನಾದರೂ ನಮ್ಮ ಹೆಸರಲ್ಲಿ ಮಾತು ಕಟ್ಟಿದ್ದರೆ ಅವನ ವತೀನನ್ನು ಕತ್ತರಿಸುತ್ತಿದ್ದೆವು’ ಎಂಬಲ್ಲಿ ಹೃದಯದ ದೊಡ್ಡ ನಾಳಕ್ಕೆ ‘ವತೀನ್’. ವರೀದ್, ವದಜ್, ವತೀನ್ ಮೂರಕ್ಕೂ ನಮ್ಮ ಆಡುಮಾತು ಒಂದೇ ಉತ್ತರ ಕೊಡುತ್ತದೆ: ನರ. ಅದೂ ಸಾಲದೆಂಬಂತೆ ನರವ್ಯೂಹದ ನರವೂ ಅದೇ.

ನನ್ನ ಮುಂದಿರುವ ಆಯ್ಕೆಗಳು: ‘ಕಂಠನಾಳ’ ಎಂದರೆ ನನ್ನ ಕಿವಿಗೆ ಶ್ವಾಸನಾಳದ ನೆಂಟ. ‘ಜೀವನಾಡಿ’ ಚೆನ್ನಾಗಿದೆ, ಆದರೆ ಪತ್ರಿಕೆಯವರು ಕಾವೇರಿಯನ್ನೂ ಸಾರಿಗೆ ಬಸ್ಸನ್ನೂ ಜೀವನಾಡಿ ಮಾಡಿ ಅದರಲ್ಲಿ ರಕ್ತವೇ ಉಳಿದಿಲ್ಲ. ‘ಕೊರಳ ಅಭಿಧಮನಿ’ ಹತ್ತನೇ ತರಗತಿಯ ಜೀವಶಾಸ್ತ್ರ. ‘ಕೊರಳ ನರ’ ಬರೆದೆ. ಜೋರಾಗಿ ಓದಿದಾಗ ‘ನರನಿಗೆ ಅವನ ಕೊರಳ ನರಕ್ಕಿಂತ ಹತ್ತಿರ’ ಎಂದಾಗಿ ಪ್ರಾಸದ ಚೇಷ್ಟೆಯಂತೆ ಕೇಳಿಸಿತು. ‘ನರ’ ತೆಗೆದು ‘ಮನುಷ್ಯ’ ಹಾಕಿದೆ, ಕೊರಳ ನರವನ್ನೇ ಉಳಿಸಿಕೊಂಡೆ.

ಉಳಿಸಿಕೊಂಡದ್ದಕ್ಕೆ ಕಾರಣ ಇದೆ. ‘ಕೊರಳ ನರ ಉಬ್ಬಿಸಿಕೊಂಡು ಕೂಗಬೇಡ’ ಅನ್ನುತ್ತೇವಲ್ಲ, ಆ ಉಬ್ಬುವ ನರ ನಿಜಕ್ಕೂ ಅಭಿಧಮನಿಯೇ. ಈಗ ಬುಖಾರಿ ಸಂಗ್ರಹದಲ್ಲಿರುವ ಒಂದು ಹದೀಸ್ (ಪ್ರವಾದಿಯ ನುಡಿ-ನಡೆಯ ವರದಿ) ನೆನಪಿಸಿಕೊಳ್ಳಿ. ಪ್ರಯಾಣದಲ್ಲಿ ಸಂಗಡಿಗರು ದನಿ ಎತ್ತಿ ತಕ್ಬೀರ್ (‘ಅಲ್ಲಾಹು ಅಕ್ಬರ್’) ಕೂಗುತ್ತಿದ್ದಾಗ ಪ್ರವಾದಿಯವರು ತಡೆದು, ನೀವು ಕರೆಯುತ್ತಿರುವುದು ಕಿವುಡನನ್ನೂ ಅಲ್ಲ, ‘ಗಾಇಬ್’ ಆದವನನ್ನೂ (ಇಲ್ಲಿ ಇಲ್ಲದವನನ್ನೂ) ಅಲ್ಲ, ಕೇಳುವವನನ್ನು, ಹತ್ತಿರದವನನ್ನು ಎಂದರು. ಕೂಗಿದರೆ ಉಬ್ಬುವ ನರಕ್ಕಿಂತ ಹತ್ತಿರ ಇರುವವನನ್ನು ಕೂಗಿ ಕರೆಯುವುದೇಕೆ? ಎರಡನ್ನೂ ಹೀಗೆ ಹೊಂದಿಸಿದ್ದು ನಾನು, ಯಾವ ಹಳೆಯ ವ್ಯಾಖ್ಯಾನಕಾರರ ಹೆಗಲಿಗೂ ಹೊರಿಸುತ್ತಿಲ್ಲ. (ಆ ‘ಗಾಇಬ್’ ನಮ್ಮ ‘ಗಾಯಬ್’ ಆಗಿದೆ. ಪರ್ಸು ಗಾಯಬ್, ಸಾಲ ತಗೊಂಡವನು ಗಾಯಬ್.)

ಎರಡನೆಯದು ‘ಹತ್ತಿರ’ವೇ. ಕುರ್ಬ್, ಕರೀಬ್, ಕುರ್ಬಾನಿ ಎಲ್ಲ ಒಂದೇ ಧಾತುವಿನವು. ಉಪನ್ಯಾಸಕರು ‘ಕುರ್ಬ್’ ಎಂದ ಕಡೆಯೆಲ್ಲ ಮೊದಲ ಕರಡಿನಲ್ಲಿ ‘ಸಾಮೀಪ್ಯ’ ಬರೆದಿದ್ದೆ. ತಪ್ಪಾಯ್ತು. ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ ಎಂಬ ಮೆಟ್ಟಿಲುಗಳ ಪೈಕಿ ಅದೊಂದು ಮೆಟ್ಟಿಲು, ಓದುಗ ಮುಂದಿನ ಎರಡನ್ನೂ ತಾನೇ ಹತ್ತಿಬಿಡುತ್ತಾನೆ. ‘ಅಂತರ್ಯಾಮಿ’ ಇನ್ನೂ ಅಪಾಯ. ಅದು ಒಳಗೆ ನೆಲೆಸಿದವನು. ಇಸ್ಲಾಮಿನಲ್ಲಿ ಆ ನಂಬಿಕೆಗೆ ‘ಹುಲೂಲ್’ ಎಂಬ ಹೆಸರಿದೆ, ಅದನ್ನು ತಳ್ಳಿಹಾಕಿದ್ದಾರೆ. 57ನೇ ಅಧ್ಯಾಯದ 4ನೇ ವಾಕ್ಯ ‘ನೀವೆಲ್ಲೇ ಇದ್ದರೂ ಅವನು ನಿಮ್ಮ ಜೊತೆಗಿದ್ದಾನೆ’ ಎನ್ನುತ್ತದೆ. ‘ಮಅ’, ಜೊತೆ. ‘ಒಳಗೆ’ ಅಲ್ಲ. ಅಲ್ಲೂ ಹೆಚ್ಚಿನ ವ್ಯಾಖ್ಯಾನಕಾರರು ಅರಿವಿನಿಂದ ಜೊತೆ ಎಂದೇ ವಿವರಿಸುತ್ತಾರೆ. ಕೊರಳ ನರದ ವಾಕ್ಯದ ‘ನಾವು’ ಎಂದರೆ ದೇವದೂತರು ಎಂದು ವ್ಯಾಖ್ಯಾನಕಾರ ಇಬ್ನ್ ಕಸೀರ್. ಮರುವಾಕ್ಯದಲ್ಲೇ ಬಲಕ್ಕೊಬ್ಬ ಎಡಕ್ಕೊಬ್ಬ ಕೂತು ಬರೆದುಕೊಳ್ಳುವವರು ಬರುತ್ತಾರೆ ನೋಡಿ.

ನಮ್ಮ ‘ಹತ್ತಿರ’ಕ್ಕೆ ಒಂದು ವಿಶೇಷವಿದೆ. ‘ಅಪ್ಪನ ಹತ್ತಿರ ಕೇಳು’, ‘ದೇವರ ಹತ್ತಿರ ಬೇಡಿಕೋ’ ಅನ್ನುತ್ತೇವೆ. ಕೇಳುವ ಕ್ರಿಯೆಗೂ ಹತ್ತಿರಕ್ಕೂ ಕನ್ನಡದಲ್ಲಿ ಗಂಟು ಬಿದ್ದಿದೆ. 2ನೇ ಅಧ್ಯಾಯದ 186ನೇ ವಾಕ್ಯ ಇದೇ ಗಂಟಿನದು: ‘ನನ್ನ ದಾಸರು ನನ್ನ ಬಗ್ಗೆ ನಿನ್ನನ್ನು ಕೇಳಿದರೆ, ನಾನು ಹತ್ತಿರವೇ ಇದ್ದೇನೆ, ಕರೆಯುವವನು ಕರೆದಾಗ ಓಗೊಡುತ್ತೇನೆ.’ ಅದೇ ಅಧ್ಯಾಯದಲ್ಲಿ ಬಾಲಚಂದ್ರನ ಬಗ್ಗೆ ಕೇಳುತ್ತಾರೆ, ಮದ್ಯ ಮತ್ತು ಜೂಜಿನ ಬಗ್ಗೆ ಕೇಳುತ್ತಾರೆ, ಮುಟ್ಟಿನ ಬಗ್ಗೆ ಕೇಳುತ್ತಾರೆ. ಪ್ರತಿ ಸಲವೂ ‘ಕುಲ್’, ಅಂದರೆ ‘ಹೇಳು’ ಎಂದು ಪ್ರವಾದಿಯ ಮೂಲಕ ಉತ್ತರ. ಇಲ್ಲಿ ಮಾತ್ರ ‘ಹೇಳು’ ಇಲ್ಲ. ವ್ಯಾಖ್ಯಾನಕಾರರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. ಅನುವಾದದಲ್ಲಿ ವಾಕ್ಯ ಸರಿಹೋಗಲಿ ಎಂದು ‘ಹೇಳಿರಿ’ ಸೇರಿಸುವ ಚಪಲ ಬರುತ್ತದೆ, ನನಗೂ ಬಂದಿತ್ತು. ಸೇರಿಸಿದರೆ ಹತ್ತಿರವೇ ಹೋಯಿತು.

ಇನ್ನು ‘ತನ್‌ಝೀಹ್’. ಇಲ್ಲೇ ನಾನು ಸೋತಿರುವುದು.

ಸಾಮಾನ್ಯವಾಗಿ ‘ಅತೀತತೆ’, ‘ಪರಾತ್ಪರತೆ’ ಎನ್ನುತ್ತಾರೆ. ಅವು ದೇವರ ಗುಣವನ್ನು ಹೇಳುವ ಪದಗಳು. ತನ್‌ಝೀಹ್ ಗುಣವಲ್ಲ, ತಕ್ಬೀರ್, ದೇವರ ಪಾವಿತ್ರ್ಯ ಸಾರುವ ತಸ್ಬೀಹ್‌ಗಳಂತೆ ಮನುಷ್ಯ ಮಾಡುವ ಕೆಲಸ. ದೇವರನ್ನು ಕೊರತೆಗಳಿಂದಲೂ ಹೋಲಿಕೆಗಳಿಂದಲೂ ದೂರ ಇಟ್ಟು ಹೇಳುವುದು. ಧಾತು ನ-ಝ-ಹ, ದೂರ ಸರಿ. ಇದೇ ಧಾತುವಿನ ‘ನುಝ್‌ಹ’ ಇವತ್ತಿನ ಅರಬ್ಬಿಯಲ್ಲಿ ವಿಹಾರ, ಪಿಕ್‌ನಿಕ್! ಒಂಬತ್ತನೇ ಶತಮಾನದ ಭಾಷಾಪಂಡಿತ ಇಬ್ನುಸ್ ಸಿಕ್ಕೀತ್ ಆಗಲೇ ಗೊಣಗಿದ್ದಾನೆ: ಜನ ತೋಟಕ್ಕೆ ಹೋಗುವುದನ್ನು ‘ತನಝ್ಝುಹ್’ ಅನ್ನುತ್ತಾರೆ, ಅದು ತಪ್ಪು ಬಳಕೆ, ನೀರಿನ ತಾಣ ಮತ್ತು ಹಸಿರಿನಿಂದ ದೂರ ಹೋಗುವುದೇ ಅದರ ಅರ್ಥ ಎಂದು. ನಮ್ಮ ಬಳಗದ ಹಿರಿಯರಿಗೆ ಅಲ್ಲೊಬ್ಬ ಪೂರ್ವಜ ಇದ್ದಾನೆ ಎಂದು ಖುಷಿಯಾಯಿತು.

‘ನಿರ್ಗುಣ’ ಬೇಡ ಎಂಬುದು ಮಾತ್ರ ನನಗೆ ಖಚಿತ. 42ನೇ ಅಧ್ಯಾಯದ 11ನೇ ವಾಕ್ಯ ‘ಅವನಂಥದು ಯಾವುದೂ ಇಲ್ಲ’ ಎಂದು ಹೇಳಿ, ಉಸಿರು ಬದಲಿಸದೆ ‘ಅವನು ಕೇಳುವವನು, ನೋಡುವವನು’ ಎನ್ನುತ್ತದೆ. ಗುಣಗಳನ್ನೇ ಅಳಿಸಿದರೆ ಅದು ‘ತಅ್‌ತೀಲ್’, ಬರಿದು ಮಾಡುವುದು, ತನ್‌ಝೀಹ್ ಅಲ್ಲ. ಕೇಳುವುದನ್ನು ನಮ್ಮ ಕಿವಿಯಂಥ ಕಿವಿ ಮಾಡಿದರೆ ‘ತಶ್ಬೀಹ್’, ಹೋಲಿಕೆ ಕಟ್ಟುವುದು. ಮುರ್ಸಿಯಾದಲ್ಲಿ ಹುಟ್ಟಿ 1240ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನ್ ಅರಬಿ, ಬರೀ ತನ್‌ಝೀಹ್ ಹಿಡಿದವನೂ ಬರೀ ತಶ್ಬೀಹ್ ಹಿಡಿದವನೂ ದೇವರಿಗೆ ಎಲ್ಲೆ ಹಾಕಿದ ಹಾಗೆ ಎಂದು ವಾದಿಸಿದ್ದು ಇದೇ ವಾಕ್ಯ ಹಿಡಿದುಕೊಂಡು. ಅವನ ದಾರಿ ಎಲ್ಲ ಉಲಮಾಗಳಿಗೆ ಒಪ್ಪಿಗೆಯಾಗಿಲ್ಲ, ಆ ಜಗಳ ಇಲ್ಲಿ ಬೇಡ.

20ನೇ ಅಧ್ಯಾಯದ 5ನೇ ವಾಕ್ಯದ ‘ಅರ್ಶಿನ ಮೇಲೆ ಇಸ್ತವಾ’ ಕೂಡ ಹೀಗೇ. ಅರ್ಶ್ ಎಂದರೆ ಸಿಂಹಾಸನ, ಇಸ್ತವಾ ಎಂದರೆ ಅದರ ಮೇಲೆ ನೆಲೆಗೊಂಡ. ‘ಸಿಂಹಾಸನಾರೂಢ’ ಬರೆದು ಹೊಡೆದುಹಾಕಿದೆ. ‘ಆರೂಢ’ ಎಂದೊಡನೆ ಹುಬ್ಬಳ್ಳಿ ಕಡೆಯವರಿಗೆ ಸಿದ್ಧಾರೂಢರೇ ಕಣ್ಣಮುಂದೆ ಬರುತ್ತಾರೆ. 795ರಲ್ಲಿ ಮದೀನಾದಲ್ಲಿ ತೀರಿಕೊಂಡ ಇಮಾಮ್ ಮಾಲಿಕ್‌ರನ್ನು ಒಬ್ಬ ‘ಇಸ್ತವಾ ಹೇಗೆ?’ ಎಂದು ಕೇಳಿದನಂತೆ. ಅವರು ತಲೆ ತಗ್ಗಿಸಿ ಬೆವೆತು, ಇಸ್ತಿವಾ ಗೊತ್ತಿರುವುದೇ, ‘ಕೈಫ್’ ಬುದ್ಧಿಗೆ ನಿಲುಕುವುದಲ್ಲ, ಅದನ್ನು ನಂಬುವುದು ಕಡ್ಡಾಯ, ಅದರ ಬಗ್ಗೆ ಪ್ರಶ್ನಿಸುವುದು ಬಿದ್ಅತ್ (ಧರ್ಮದಲ್ಲಿ ಇಲ್ಲದ ಹೊಸ ಸೇರ್ಪಡೆ) ಎಂದರಂತೆ. ಕೈಫ್, ಅಂದರೆ ‘ಹೇಗೆ’. ನಮ್ಮ ದಫ್ತರದ ‘ಕೈಫಿಯತ್ತು’ ಇದರದೇ ಕೂಸು; ಕಂಪನಿ ಅಧಿಕಾರಿ ಮೆಕೆಂಜಿ ಊರೂರಿನಿಂದ ಸಂಗ್ರಹಿಸಿದ ಕೈಫಿಯತ್ತುಗಳೂ (ಸ್ಥಳವೃತ್ತಾಂತಗಳೂ) ಇದೇ. ಅಶ್‌ಅರಿ ಪಂಥದವರ ‘ಬಿಲಾ ಕೈಫ್’ (ಹೇಗೆ ಎನ್ನದೆ) ಅನ್ನು ‘ಕೈಫಿಯತ್ತು ಕೇಳದೆ’ ಎಂದು ತಂದಿದ್ದೇನೆ. ತಕರಾರಿದ್ದರೆ ಹೇಳಿ, ಆದರೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ತನ್‌ಝೀಹ್‌ಗೆ ಸದ್ಯ ನನ್ನ ಬಳಿ ಇರುವುದು ‘ಹೊರತು’. ‘ಕೊರತೆಗಳಿಗೆ ಹೊರತಾದವನು’ ಎಂದು ‘ಮುನಝ್ಝಹ್’ ಅನ್ನು ಹೇಳಬಹುದು. ಕ್ರಿಯೆಗೆ ‘ಹೊರತಿಡುವಿಕೆ’? ನಾಲಿಗೆಗೆ ಹತ್ತುತ್ತಿಲ್ಲ. ‘ಹೋಲಿಕೆ ಕಳೆಯುವುದು’ ಎಂದು ಎರಡು ಪದದಲ್ಲಿ ಹೇಳಿದರೆ ಅರ್ಥ ಸ್ಪಷ್ಟ, ಆದರೆ ಕೊರತೆಗಳನ್ನು ಕಳೆಯುವ ಅಂಶ ಬಿಟ್ಟುಹೋಗುತ್ತದೆ.

ಕೊನೆಯದು ಚಿಕ್ಕದು. ನಮಾಜಿನಲ್ಲಿ ಹಣೆ ನೆಲಕ್ಕೆ ಹಚ್ಚಿದಾಗ, ಅಂದರೆ ಸುಜೂದಿನಲ್ಲಿ, ಹೇಳುವುದು ‘ಸುಬ್‌ಹಾನ ರಬ್ಬಿಯಲ್ ಅಅ್‌ಲಾ’. ಬಗ್ಗಿ ನಿಂತಾಗ ‘ಅಝೀಮ್’, ಹಿರಿಯ. ನೆಲ ಮುಟ್ಟಿದಾಗ ‘ಅಅ್‌ಲಾ’, ಎಲ್ಲಕ್ಕೂ ಮೇಲಿನ. ದಾಸ ತನ್ನ ಪ್ರಭುವಿಗೆ ಅತಿ ಹತ್ತಿರ ಇರುವುದು ಸುಜೂದಿನಲ್ಲೇ ಎಂದು ಮುಸ್ಲಿಮ್ ಸಂಗ್ರಹದ ಹದೀಸ್. ‘ಸುಜೂದ್ ಮಾಡು, ಹತ್ತಿರ ಬಾ’ ಎಂದು 96ನೇ ಅಧ್ಯಾಯದ ಕೊನೆ. ಇಲ್ಲಿ ‘ಅತ್ಯುನ್ನತ’ ಹಾಕಿದರೆ ಮೆರವಣಿಗೆಯ ಭಾಷೆಯಾಗುತ್ತದೆ. ಮೂಗು ಚಾಪೆಗೆ ತಾಗಿದವನು ಅಷ್ಟು ದೊಡ್ಡ ಪದ ಆಡುವುದಿಲ್ಲ. ‘ಮೇಲಿನವನು’ ಸಾಕೆನಿಸುತ್ತದೆ. ಆದರೆ ‘ಮೇಲಿನವನು ನೋಡ್ಕೊಳ್ತಾನೆ’ ಎಂದು ನಿತ್ಯ ಆಡಿ ಆಡಿ ಅದು ಸವೆದಿದೆಯೇ?

ಕರಾವಳಿಯ ಬ್ಯಾರಿ ಮನೆಗಳಲ್ಲಿ ದೇವರನ್ನು ‘ಪಡಚೋನ್’, ಸೃಷ್ಟಿಸಿದವನು, ಎನ್ನುತ್ತಾರಲ್ಲ. ಆ ಮನೆಗಳ ಅಜ್ಜಿಯರು ಕೊರಳ ನರದ ಈ ಮಾತನ್ನು ಹೇಳುವಾಗ ಯಾವ ಪದ ಬಳಸುತ್ತಾರೆ? ಭಟ್ಕಳದ ನವಾಯತಿ ಮಾತಿನಲ್ಲಿ? ಬಲ್ಲವರು ಬರೆಯಿರಿ. ಪ್ರೂಫು ಶುಕ್ರವಾರ ಕೊಡಬೇಕು.