ಮಗನ ಗೇರ್ ಸೈಕಲ್: ಆನ್‌ಲೈನಾ, ಊರಿನ ಅಂಗಡಿನಾ?

ತಿಪಟೂರಿನಿಂದ ಪ್ರಶ್ನೆ: ಎಂಟನೇ ತರಗತಿ ಓದುವ ಮಗ ಶಾಲೆಗೆ ಹೋಗಿಬರಲು ಸೈಕಲ್ ಬೇಕು. ಆನ್‌ಲೈನ್‌ನಲ್ಲಿ 21 ಗೇರಿಂದು ₹9,000ಕ್ಕೆ ಸಿಗ್ತಿದೆ, ಅಂಗಡಿಯಲ್ಲಿ ಅಂಥದ್ದಕ್ಕೇ ₹11,500 ಹೇಳ್ತಿದ್ದಾರೆ. ತಗೊಂಡವರು ದಯವಿಟ್ಟು ಅನುಭವ ಹೇಳಿ.

ಮೈಸೂರಿನಿಂದ: ಮೇಡಂ, ನಮ್ಮ ಕುಟುಂಬಕ್ಕೆ ಎರಡೂ ಕಡೆಯಿಂದ ಸೈಕಲ್ ಬಂದಿದೆ. ಬೆಲೆ ನೋಡುವ ಮೊದಲು ನಿಮ್ಮ ಹತ್ತಿರದಲ್ಲಿ ಗೇರ್ ಸೈಕಲ್ ರಿಪೇರಿ ಬಲ್ಲವರು ಯಾರಿದ್ದಾರೆ ವಿಚಾರಿಸಿ. ಆ ₹2,500ರ ಲೆಕ್ಕ ಅಲ್ಲಿಂದ ಶುರುವಾಗಬೇಕು.

ಆನ್‌ಲೈನ್ ಸೈಕಲ್ ಪೂರ್ತಿ ಜೋಡಿಸಿ ಬರಲ್ಲ. ರಟ್ಟಿನ ಡಬ್ಬದಲ್ಲಿ ಮುಂದಿನ ಚಕ್ರ, ಹ್ಯಾಂಡಲ್, ಸೀಟು, ಪೆಡಲ್ ಸಾಮಾನ್ಯವಾಗಿ ಬಿಡಿಬಿಡಿಯಾಗಿ ಇರುತ್ತವೆ. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೇನೇ ಬಿಗಿಯಾಗೋದು. ಗೊತ್ತಿಲ್ಲದೆ ಬಲ ಹಾಕಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಥ್ರೆಡ್ಡೇ ಹಾಳಾಗುತ್ತೆ. ಪೆಡಲ್ ಮೇಲೆ ಎಲ್, ಆರ್ ಅಂತ ಗುರುತಿರುತ್ತೆ, ನೋಡಿಕೊಳ್ಳಿ.

ನನ್ನ ತಂಗಿ ಮಗನ ಸೈಕಲಲ್ಲಿ ಬೇರೆ ತೊಂದರೆ. ಗೇರ್ ಬದಲಿಸುವಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೈಲರ್ ನೇತಾಡುವ ಹ್ಯಾಂಗರ್ ಸಾಗಣೆಯಲ್ಲೇ ಪೆಟ್ಟು ತಿಂದು ಒಳಕ್ಕೆ ಬಗ್ಗಿತ್ತು. ಸುಮ್ಮನೆ ನೋಡಿದರೆ ಏನೂ ಕಾಣಲ್ಲ. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿದ ತಕ್ಷಣ ಡಿರೈಲರ್ ಚಕ್ರದ ಕಡ್ಡಿಗೆ ತಾಗಿ ಟಕಟಕ ಅನ್ನೋದು. ಏರಿನಲ್ಲಿ ಹಾಗೇ ತುಳಿದಿದ್ದರೆ ಕಡ್ಡಿಯೊಳಗೆ ಸಿಕ್ಕಿಕೊಂಡು ಹುಡುಗ ಬೀಳ್ತಿದ್ದ. ಮಾರಿದವರು ವಾಪಸ್ ಕಳಿಸಿ ಅಂದರು. ಪೂರ್ತಿ ಜೋಡಿಸಿದ ಸೈಕಲ್ಲನ್ನು ಮತ್ತೆ ಡಬ್ಬಕ್ಕೆ ತುಂಬೋದು ಸಾಮಾನ್ಯ ಜನರ ಕೈಲಿ ಆಗುವ ಕೆಲಸವಲ್ಲ. ಕೊನೆಗೆ ಬೀದಿ ಮೂಲೆಯ ಮೆಕ್ಯಾನಿಕ್ಕೇ ಹ್ಯಾಂಗರ್ ನೆಟ್ಟಗೆ ಮಾಡಿ, ಗೇರ್ ಕೂರಿಸಿಕೊಟ್ಟರು. ಆ ಮನುಷ್ಯನ ಕೈಚಳಕಕ್ಕೆ ಎಷ್ಟು ಕೊಟ್ಟರೂ ಕಡಿಮೆಯೇ.

ಇನ್ನು ಅಳತೆ. ‘26 ಇಂಚು’ ಅಂತ ಬರೆದಿರೋದು ಚಕ್ರದ ಅಳತೆ, ಫ್ರೇಮಿಂದಲ್ಲ. ಮಗ ಮೇಲಿನ ಬಾರ್‌ನ ಎರಡೂ ಕಡೆ ಕಾಲಿಟ್ಟು ನಿಂತಾಗ ಮಧ್ಯೆ ಎರಡು ಇಂಚಾದರೂ ಜಾಗ ಇರಬೇಕು. ಅಂಗಡಿಯಲ್ಲಾದರೆ ನಿಲ್ಲಿಸಿ ನೋಡಬಹುದು.

ಧಾರವಾಡದಿಂದ: ಅಕ್ಕಾರ, ಅಂಗಡಿ ಅಂದ್ರ ಎಲ್ಲಾ ಚಲೋ ಅಂತನೂ ಅಲ್ಲರಿ. ನಾವು ಹೋದಲ್ಲಿ ಇದ್ದದ್ದೊಂದು ದೊಡ್ಡ ಸೈಕಲ್ ತೋರಿಸಿ ‘ಹುಡುಗಿ ಬೆಳೀತಾಳ, ನಡೀತದ’ ಅಂದ್ರು. ಮಗಳ ಕಾಲು ಪೆಡಲಿಗೆ ಸರಿಯಾಗಿ ಎಟುಕಲಿಲ್ಲ. ಅದಕ್ಕ ಆಕಿ ಅಳತಿ ಫ್ರೇಮ್ ಹುಡುಕಿ ಆನ್‌ಲೈನ್ ತರಿಸಿದ್ವಿ. ಡಬ್ಬಿ ಒಡಿಯೂಮುಂದ ವಿಡಿಯೋ ಮಾಡಿಟ್ವಿ, ಜೋಡಿಸೋದನ್ನ ಮೊದಲ ಮಾತಾಡಿಟ್ಟಿದ್ದ ಮೆಕ್ಯಾನಿಕ್ ಕಡೆ ಮಾಡಿಸಿದ್ವಿ. ಇವತ್ತಿಗೂ ಚಲೋ ಓಡ್ತದ.

ಹೊಸದುರ್ಗದಿಂದ: ಗೇರ್ ಬೇಕೇ ಬೇಕಾ ಅಮ್ಮಾ? ನಾನು ಹಳ್ಳಿ ಶಾಲೆ ಮೇಷ್ಟ್ರು. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಿಗೆ ಗೇರ್ ಇರಲಿಲ್ಲ. ಅಣ್ಣ ಓಡಿಸಿದ್ದನ್ನೇ ತಮ್ಮ ಓಡಿಸಿದ ಮನೆಗಳನ್ನು ಕಂಡಿದ್ದೇನೆ. ಚೈನು, ಫ್ರೀವೀಲ್, ಬ್ರೇಕ್ ಕಟ್ಟೆ ಏನೇ ಹೋದರೂ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಆಗುತ್ತಿತ್ತು. ದಾರಿಯಲ್ಲಿ ದೊಡ್ಡ ಏರಿಲ್ಲದಿದ್ದರೆ ಅದೇ ದುಡ್ಡಿಗೆ ಗೇರಿಲ್ಲದ ಗಟ್ಟಿ ಸೈಕಲ್ ಬರುತ್ತೆ, ಮಕ್ಕಳಿಗೆ ಅದೇ ಒಳ್ಳೇದು.

ತಿಪಟೂರಿನಿಂದ: ಎಲ್ಲರಿಗೂ ಧನ್ಯವಾದ. ಗೇರಿಂದೇ ಬೇಕು ಅಂತ ಅವನ ಹಟ. ಅಂಗಡಿಯಲ್ಲಿ ಏನೇನು ಕೇಳಿಕೊಳ್ಳಬೇಕು?

ಮೈಸೂರಿನಿಂದ: ಗೇರ್ ಸೈಕಲ್‌ಗಳಿಗೆ ಮಡ್‌ಗಾರ್ಡ್, ಸ್ಟ್ಯಾಂಡ್, ಕ್ಯಾರಿಯರ್ ಎಷ್ಟೋ ಸಲ ಬೇರೆಯಾಗಿ ಕೊಳ್ಳಬೇಕು. ₹11,500ರಲ್ಲಿ ಅವೂ ಸೇರಿವೆಯಾ ಕೇಳಿ, ಸೇರಿದ್ದರೆ ವ್ಯತ್ಯಾಸ ಅರ್ಧ ಅಲ್ಲೇ ಕರಗುತ್ತೆ. ಹೊಸ ಗೇರ್ ಕೇಬಲ್ ಓಡಿಸ್ತಾ ಸಡಿಲವಾಗುತ್ತೆ, ಮೊದಲ ಸರ್ವೀಸ್ ಉಚಿತ ಅಂತ ಬಿಲ್ ಮೇಲೇ ಬರೆಸಿ. ಫ್ರೇಮ್ ನಂಬರ್ ಹೆಚ್ಚಾಗಿ ಎರಡೂ ಪೆಡಲ್ ತೋಳು ಸೇರುವ ಜಾಗದಲ್ಲಿ ಫ್ರೇಮಿನ ಅಡಿಗೆ ಕೊರೆದಿರುತ್ತೆ, ಸೈಕಲ್ ತಲೆಕೆಳಗೆ ಮಾಡಿಸಿ ಅದನ್ನೂ ಬಿಲ್‌ಗೆ ಹಾಕಿಸಿ. ಕಳುವಾದರೆ ಪೊಲೀಸರು ಮೊದಲು ಕೇಳೋದೇ ಅದನ್ನ.