ತಿರುಚಿದ ರೆಕ್ಕೆ: ಬಿಚ್ಚಿ ಕಟ್ಟಬೇಕೋ, ಬಿಟ್ಟು ಫೋಮ್ ವಿಮಾನಕ್ಕೆ ಹೋಗಬೇಕೋ?

ಮೈಸೂರಿನ ಅಪ್ಪ:
ಎಲ್ಲರಿಗೂ ನಮಸ್ಕಾರ. ನಾನು ಮತ್ತು ಎಂಟನೇ ಕ್ಲಾಸಿನ ನನ್ನ ಮಗಳು ಸೇರಿ ಬಾಲ್ಸಾ ಅನ್ನುವ ಹಗುರ ಮರದ ರಿಮೋಟ್ ವಿಮಾನದ ಕಿಟ್ ಒಂದನ್ನು ಕಟ್ಟುತ್ತಿದ್ದೇವೆ. ಲೇಸರ್‌ನಲ್ಲಿ ಕತ್ತರಿಸಿದ ತುಂಡುಗಳು, ರೆಕ್ಕೆ ವಿಮಾನದ ಮೈಮೇಲೆ ಕೂರುವ ಟ್ರೇನರ್, ಅಂದರೆ ಕಲಿಯುವವರ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 150 ಸೆಂ.ಮೀ., ಅಗಲ 24 ಸೆಂ.ಮೀ., ಅಡಿ ಸಪಾಟು. ರಿಮೋಟಿನಿಂದ ಆಡಿಸುವುದು ಬಾಲದ ರಡ್ಡರ್ (ಎಡ-ಬಲಕ್ಕೆ), ಎಲಿವೇಟರ್ (ಮೇಲೆ-ಕೆಳಗೆ), ಮೋಟಾರ್, ಇಷ್ಟೇ ಚಾನೆಲ್. ಎರಡು ತಿಂಗಳಿಂದ ಭಾನುವಾರಗಳೆಲ್ಲ ಇದಕ್ಕೇ ಹೋಗಿವೆ.

ನಿನ್ನೆ ಮೇಲ್ಹೊದಿಕೆಯ ಫಿಲ್ಮ್ (ಬಿಸಿಗೆ ಬಿಗಿಯಾಗುವ ಪ್ಲಾಸ್ಟಿಕ್) ಅಂಟಿಸಿ ಮುಗಿಸಿದೆವು. ರೆಕ್ಕೆಯ ಎರಡು ಭಾಗಗಳನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಒಂದೊಂದಾಗಿ ಇಟ್ಟು ನೋಡಿದೆವು. ಎಡಭಾಗದ ತುದಿಯಲ್ಲಿ ಹಿಂದಿನ ಅಂಚು 3 ಮಿ.ಮೀ. ಎದ್ದಿದೆ. ಬಲಭಾಗದಲ್ಲಿ ಉಲ್ಟಾ, ಮುಂದಿನ ಅಂಚು 4 ಮಿ.ಮೀ. ಎದ್ದಿದೆ. ಮಗಳ ಮುಖ ಸಪ್ಪಗಾಯಿತು. ಹೀಗೇ ಹಾರಿಸಬಹುದಾ? ಸರಿಪಡಿಸೋಕೆ ಆಗುತ್ತಾ? ಇಲ್ಲಾ ಇದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕಾ?

ಮಂಡ್ಯ ಫೋಮ್‌ಬೋರ್ಡ್:
ಸರ್, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ವಿಮಾನಕ್ಕೆ ಬಾಲ್ಸಾ ಬೇಡ. ನಾನೂ ಬಾಲ್ಸಾದಿಂದಲೇ ಶುರು ಮಾಡಿದವನು. ನಾಲ್ಕು ತಿಂಗಳು ಕಟ್ಟಿದ ವಿಮಾನ ಮೊದಲ ದಿನವೇ ಎರಡನೇ ತಿರುವಿನಲ್ಲಿ ನೆಲಕ್ಕೆ ಬಿತ್ತು. ಕಟ್ಟಿದ್ದರಲ್ಲಿ ತಪ್ಪಿರಲಿಲ್ಲ, ನನಗೆ ಹಾರಿಸೋಕೆ ಬರುತ್ತಿರಲಿಲ್ಲ. ಆಮೇಲೆ ಒಂದು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಮೋಟಾರ್, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), ಸರ್ವೋ (ರಡ್ಡರ್, ಎಲಿವೇಟರ್ ಆಡಿಸುವ ಪುಟ್ಟ ಮೋಟಾರ್), ರಿಸೀವರ್ ಎಲ್ಲ ನಿಮ್ಮ ಹತ್ತಿರ ಇದ್ದೇ ಇದೆ. ಅದನ್ನೇ ತೆಗೆದು 5 ಮಿ.ಮೀ. ಫೋಮ್‌ಬೋರ್ಡ್‌ನ ವಿಮಾನಕ್ಕೆ ಹಾಕಿ. ಕಟರ್, ಸ್ಕೇಲು, ಹಾಟ್ ಗ್ಲೂ ಇದ್ದರೆ ಎರಡು ಸಂಜೆ ಸಾಕು. ಬಿದ್ದು ಮೂಗು ಮುರಿದರೆ ಮೈದಾನದಲ್ಲೇ ಅಂಟಿಸಿ ಮತ್ತೆ ಹಾರಿಸಬಹುದು. ಮಗುವಿನ ಉತ್ಸಾಹ ಉಳಿಯುವುದು ಹಾರಾಟದಲ್ಲಿ, ಮರಳು ಕಾಗದ ಉಜ್ಜುವುದರಲ್ಲಿ ಅಲ್ಲ.

ಎನ್‌ಸಿಸಿ ಹಳೆ ಕೆಡೆಟ್:
ಇಷ್ಟಕ್ಕೇ ಬಿಡುವುದು ಬೇಡ. ನಾನು ಏರ್ ವಿಂಗ್‌ನಲ್ಲಿದ್ದಾಗ ಏರೋಮಾಡೆಲಿಂಗ್ ಕಲಿತವನು. ತಿರುಚು ಎಲ್ಲರಿಗೂ ಬರುತ್ತದೆ, ಹೋಗಿಸುವುದೂ ಸುಲಭ. ಒಬ್ಬರು ರೆಕ್ಕೆಯ ಬುಡ ಹಿಡಿದುಕೊಳ್ಳಿ. ಇನ್ನೊಬ್ಬರು ತುದಿ ಹಿಡಿದು ಎದುರು ದಿಕ್ಕಿಗೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತಿರುಗಿಸಿ. ಹಾಗೇ ಹಿಡಿದುಕೊಂಡು ಮೇಲೂ ಕೆಳಗೂ ಹೀಟ್ ಗನ್ ಆಡಿಸಿ. ಫಿಲ್ಮ್ ಸುಕ್ಕಾಗಿ ಮತ್ತೆ ಬಿಗಿಯಾಗುತ್ತದೆ. ತಣ್ಣಗಾದ ಮೇಲೆ ಕೈ ಬಿಡಿ. ಹತ್ತು ನಿಮಿಷದ ಕೆಲಸ.

ಉಳಿದ ಚೂರುಪಾರು ತಿರುಚನ್ನು ಐಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಟ್ರಿಮ್‌ನಲ್ಲಿ, ಅಂದರೆ ರಿಮೋಟಿನಿಂದ ಅದನ್ನು ಸ್ವಲ್ಪ ಸರಿಸಿಟ್ಟು, ಸರಿ ಮಾಡಿಕೊಳ್ಳಬಹುದು.

ಬಾಲ್ಸಾ ಬೆಂಗಳೂರು:
ಐಲೆರಾನ್ ಇಲ್ಲ ಅಂತ ಅವರೇ ಹೇಳಿದ್ದಾರೆ, ಮೂರೇ ಚಾನೆಲ್. ಈ ಥರದ ವಿಮಾನ ರಡ್ಡರ್‌ನಿಂದಲೇ ವಾಲುತ್ತದೆ. ರೆಕ್ಕೆಗಳು ಮಧ್ಯದಿಂದ ವಿ ಆಕಾರದಲ್ಲಿ ಮೇಲಕ್ಕೆ ಎದ್ದಿರುತ್ತವಲ್ಲ, ಆ ಡೈಹೆಡ್ರಲ್ ಇರುವುದೇ ಅದಕ್ಕೆ. ರಡ್ಡರ್ ಮೂಗನ್ನು ತಿರುಗಿಸಿದಾಗ ಮುಂದೆ ಬಂದ ರೆಕ್ಕೆಗೆ ಗಾಳಿ ಜಾಸ್ತಿ ಕೋನದಲ್ಲಿ ಬಡಿಯುತ್ತದೆ. ಅದು ಮೇಲೇಳುತ್ತದೆ, ವಿಮಾನ ತಿರುಗುತ್ತದೆ. ಅಂದರೆ ಎರಡು ರೆಕ್ಕೆಗಳೂ ಒಂದೇ ಥರ ಇರಬೇಕಾದ್ದು ಇಲ್ಲಿ ತುಂಬಾ ಮುಖ್ಯ.

ಲೆಕ್ಕ ನೋಡಿ. ಎರಡೂ ಕಡೆ ಸೇರಿ 7 ಮಿ.ಮೀ. ವ್ಯತ್ಯಾಸ. 240 ಮಿ.ಮೀ. ಅಗಲಕ್ಕೆ ಅದು ಸುಮಾರು 1.7 ಡಿಗ್ರಿ. ಬಲ ರೆಕ್ಕೆ ಜಾಸ್ತಿ ಎತ್ತುತ್ತದೆ, ಹಾಗಾಗಿ ವಿಮಾನ ಸದಾ ಎಡಕ್ಕೆ ವಾಲುತ್ತದೆ. ನೀವು ರಡ್ಡರ್ ಟ್ರಿಮ್ ಕೊಟ್ಟು ನೇರ ಮಾಡಿಕೊಂಡಿರಿ ಅನ್ನೋಣ. ಇಳಿಸುವಾಗ ವೇಗ ಕಡಿಮೆಯಾಗುತ್ತದೆ, ಮೂಗು ಏಳುತ್ತದೆ. ಆಗ ಜಾಸ್ತಿ ಕೋನದಲ್ಲಿರುವ ಬಲ ತುದಿ ಮೊದಲು ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ವಿಮಾನ ಫಕ್ಕನೆ ಬಲಕ್ಕೆ ಬೀಳುತ್ತದೆ. ನೆಲ ಹತ್ತಿರ ಇರುವಾಗ, ಹೊಸಬರ ಕೈಯಲ್ಲಿ. ಎಡಭಾಗದ ತಿರುಚು ಅಷ್ಟು ಅಪಾಯವಲ್ಲ. ತುದಿಯ ಹಿಂದಿನ ಅಂಚು ಸ್ವಲ್ಪ ಎದ್ದಿದ್ದರೆ ತುದಿ ಕೊನೆಗೆ ಸ್ಟಾಲ್ ಆಗುತ್ತದೆ. ಎಷ್ಟೋ ಟ್ರೇನರ್‌ಗಳಲ್ಲಿ ಬೇಕಂತಲೇ ಹಾಗೆ ಕೊಡುತ್ತಾರೆ. ತೊಂದರೆ ಇರುವುದು ಬಲಭಾಗದಲ್ಲಿ.

ಹೀಟ್ ಗನ್ ಹಿಡಿಯುವ ಮುಂಚೆ ಒಂದು ಪ್ರಶ್ನೆ. ರೆಕ್ಕೆಯ ಮುಂಭಾಗಕ್ಕೆ, ಅಂದರೆ ಮುಂದಿನ ಅಂಚಿನಿಂದ ಸ್ಪಾರ್‌ವರೆಗೆ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ಕಡ್ಡಿ), ಬಾಲ್ಸಾ ಹಾಳೆ ಹೊದಿಸಿದ್ದೀರಾ? ಮೇಲೆ ಮಾತ್ರವಾ, ಅಡಿಯಲ್ಲೂನಾ?

ಮೈಸೂರಿನ ಅಪ್ಪ:
ಮೇಲೂ ಇದೆ, ಅಡಿಯಲ್ಲೂ ಇದೆ, 1.5 ಮಿ.ಮೀ. ಹಾಳೆ. ಮೇಲಿನ ಕೆಳಗಿನ ಸ್ಪಾರ್‌ಗಳ ನಡುವೆ ವೆಬ್, ಅಂದರೆ ಗೋಡೆಯಂಥ ತುಂಡುಗಳನ್ನೂ ಅಂಟಿಸಿದ್ದೇವೆ.

ಬಾಲ್ಸಾ ಬೆಂಗಳೂರು:
ಮೇಲಿನ ಹಾಳೆ ಅಂಟಿಸುವಾಗ ರೆಕ್ಕೆ, ಅದನ್ನು ಕಟ್ಟುವ ಸಪಾಟು ಬೋರ್ಡಿಗೆ ಪಿನ್ ಆಗಿತ್ತಾ?

ಮೈಸೂರಿನ ಅಪ್ಪ:
ಎಡಭಾಗ ಬೋರ್ಡಿನ ಮೇಲೇ ಇತ್ತು, ಆದರೆ ಹಿಂದಿನ ಅಂಚಿನ ಪಿನ್‌ಗಳನ್ನು ತೆಗೆದಿದ್ದೆ. ಬಲಭಾಗವನ್ನು ಬೋರ್ಡಿನಿಂದಲೇ ಎತ್ತಿಬಿಟ್ಟಿದ್ದೆ. ತೊಡೆಯ ಮೇಲೆ ಇಟ್ಟುಕೊಂಡು ಹಾಳೆ ಬಗ್ಗಿಸಿ ಅಂಟಿಸಿದೆ. ಫೆವಿಕ್ವಿಕ್ ಬೇಗ ಹಿಡಿಯುತ್ತದಲ್ಲ, ಕೈಯಲ್ಲೇ ಆಗುತ್ತದೆ ಅಂದುಕೊಂಡೆ.

ಬಾಲ್ಸಾ ಬೆಂಗಳೂರು:
ಅಲ್ಲೇ ಆಗಿರುವುದು. ಮೇಲಿನ ಹಾಳೆ, ಕೆಳಗಿನ ಹಾಳೆ, ಹಿಂದೆ ವೆಬ್. ಮೂರೂ ಸೇರಿದರೆ ಮುಚ್ಚಿದ ಕೊಳವೆ. ಒಂದು ಕಾಗದವನ್ನು ಸುಮ್ನೆ ಬಗ್ಗಿಸಿ ಹಿಡಿದು ತಿರುಚಿ ನೋಡಿ, ಸಲೀಸಾಗಿ ತಿರುಚುತ್ತದೆ. ಅದೇ ಕಾಗದವನ್ನು ಸುತ್ತಿ ಅಂಚುಗಳನ್ನು ಅಂಟಿಸಿ ಕೊಳವೆ ಮಾಡಿ, ಆಮೇಲೆ ತಿರುಚಿ. ಆಗುವುದಿಲ್ಲ. ರೆಕ್ಕೆಗೆ ಬಿಗಿ ಬರುವುದು ಹೀಗೇ. ಆದರೆ ಕೊಳವೆ ಮುಚ್ಚಿದ ಗಳಿಗೆಯಲ್ಲಿ ರೆಕ್ಕೆ ಹೇಗಿತ್ತೋ ಕೊನೆವರೆಗೂ ಹಾಗೇ ಇರುತ್ತದೆ. ತೊಡೆ ಸಪಾಟಾಗಿರುವುದಿಲ್ಲ, ಅಲ್ವಾ? ಅದಕ್ಕೇ ಮೇಲಿನ ಹಾಳೆ ಅಂಟಿ ಪೂರ್ತಿ ಒಣಗುವ ತನಕ ರೆಕ್ಕೆಯನ್ನು ಬೋರ್ಡಿನಿಂದ ಎತ್ತಬಾರದು.

ಹೀಟ್ ಗನ್‌ನಿಂದ ಫಿಲ್ಮ್ ಬಿಗಿಯಾಗಬಹುದು. ಮುಚ್ಚಿದ ಮರದ ಕೊಳವೆಯನ್ನು ಅದು ಎಳೆದು ತಿರುಗಿಸಲಾರದು.

ಕರಾವಳಿ ಗಾಳಿ:
ಕೆಡೆಟ್ ಅವರು ಹೇಳಿದ ವಿಧಾನವನ್ನು ನಾನು ಹತ್ತಾರು ಸಲ ಮಾಡಿದ್ದೇನೆ, ಆಗುತ್ತದೆ. ಆದರೆ ಹಾಳೆ ಹೊದಿಸದ ಬರೀ ಚೌಕಟ್ಟಿನ ರೆಕ್ಕೆಗೆ ಮಾತ್ರ. ಅಲ್ಲಿ ಆಕಾರ ಹಿಡಿದಿಡುವುದೇ ಫಿಲ್ಮ್. ಹಾಳೆ ಇರುವ ರೆಕ್ಕೆಗೆ ಮಂಗಳೂರಿನಲ್ಲಿ ಒಮ್ಮೆ ಮಾಡಿದೆ. ಸಂಜೆ ನೇರವಾಗಿತ್ತು. ಮರುದಿನ ಬಿಸಿಲಿಗೆ ಇಟ್ಟ ಅರ್ಧ ಗಂಟೆಯಲ್ಲಿ ಫಿಲ್ಮ್ ಸಡಿಲವಾಗಿ ತಿರುಚು ವಾಪಸ್ ಬಂತು.

ಇನ್ನೊಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಬಾಲ್ಸಾ ತೇವ ಹೀರುತ್ತದೆ. ಒಂದು ಬದಿಗೆ ಫಿಲ್ಮ್ ಹಾಕಿ ಬಿಗಿ ಮಾಡಿ ಇನ್ನೊಂದು ಬದಿಯನ್ನು ಎರಡು ದಿನ ಹಾಗೇ ಬಿಟ್ಟರೆ ರೆಕ್ಕೆ ಬಾಳೆಹಣ್ಣಿನಂತೆ ಬಾಗುತ್ತದೆ. ಎರಡೂ ಬದಿ ಅಂಟಿಸಿದ ಮೇಲೆಯೇ ಬಿಗಿ ಮಾಡಿ, ಅದೂ ಮೇಲೊಂದಿಷ್ಟು, ಕೆಳಗೊಂದಿಷ್ಟು.

ಎನ್‌ಸಿಸಿ ಹಳೆ ಕೆಡೆಟ್:
ಒಪ್ಪುತ್ತೇನೆ. ನಾವು ಕಟ್ಟುತ್ತಿದ್ದದ್ದು ಟಿಶ್ಯೂ ಕಾಗದ ಹೊದಿಸಿದ ಗ್ಲೈಡರ್‌ಗಳು, ಹಾಳೆ ಇರುತ್ತಿರಲಿಲ್ಲ. ಐಲೆರಾನ್ ವಿಷಯದಲ್ಲಿ ನಾನು ಸರಿಯಾಗಿ ಓದದೇ ಬರೆದೆ. ಹಾಗಾದರೆ ಬಿಚ್ಚುವುದು ಹೇಗೆ? ಹಾಳೆ ಪೂರ್ತಿ ಕೀಳಬೇಕಾ?

ಬಾಲ್ಸಾ ಬೆಂಗಳೂರು:
ಬೇಡ. ಬಲಭಾಗದ ಫಿಲ್ಮ್ ತೆಗೆಯಿರಿ. ಮೇಲಿನ ಹಾಳೆ ಸ್ಪಾರ್‌ಗೆ ಕೂಡುವ ಗೆರೆಯ ಉದ್ದಕ್ಕೂ ಹೊಸ ಬ್ಲೇಡಿನಿಂದ ಸೀಳಿ. ಸ್ಪಾರ್‌ಗೆ ಗಾಯವಾಗಬಾರದು. ಪಕ್ಕೆಲುಬುಗಳಿಗೆ, ಅಂದರೆ ರಿಬ್‌ಗಳಿಗೆ, ಹಾಳೆ ಅಂಟಿದ ಜಾಗವನ್ನೂ ಬ್ಲೇಡ್ ತೂರಿಸಿ ಬಿಡಿಸಿ. ಮುಂದಿನ ಅಂಚಿನ ಕಡೆ ಅಂಟು ಹಾಗೇ ಇರಲಿ. ಕೊಳವೆ ತೆರೆದ ಕೂಡಲೇ ರೆಕ್ಕೆ ಮೆತ್ತಗಾಗುವುದು ಕೈಗೇ ಗೊತ್ತಾಗುತ್ತದೆ.

ಆಮೇಲೆ ಸಪಾಟಾದ ಬೋರ್ಡು. ಹಳೆಯ ಫ್ಲಶ್ ಬಾಗಿಲಿನ ತುಂಡು ಚೆನ್ನಾಗಿರುತ್ತದೆ. ಗ್ರಾನೈಟ್ ಅದಕ್ಕಿಂತ ಸಪಾಟು, ಆದರೆ ಪಿನ್ ಚುಚ್ಚೋಕಾಗಲ್ಲ. ನಕ್ಷೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ರೆಕ್ಕೆಯನ್ನು ಪಿನ್ ಮಾಡಿ. ತುದಿಯಲ್ಲಿ ಹಿಂದಿನ ಅಂಚಿನ ಕೆಳಗೆ 3 ಮಿ.ಮೀ. ದಪ್ಪದ ತುಂಡು ಇಡಿ. ಎಡಭಾಗ ಅಷ್ಟೇ ಎದ್ದಿದೆಯಲ್ಲ, ಎರಡೂ ಒಂದೇ ಥರ ಆಗುತ್ತವೆ, ಎಡಭಾಗವನ್ನು ಮುಟ್ಟುವುದೇ ಬೇಡ. ಈಗ ಹಾಳೆಯನ್ನು ಮರದ ಫೆವಿಕಾಲ್‌ನಿಂದ ಅಂಟಿಸಿ. ಫೆವಿಕ್ವಿಕ್ ಬೇಡ, ಹೊಂದಿಸಿಕೊಳ್ಳೋಕೆ ಸಮಯ ಕೊಡುವುದಿಲ್ಲ. ಮೇಲೆ ಪುಸ್ತಕಗಳ ಭಾರ ಹೇರಿ ಒಂದು ರಾತ್ರಿ ಪೂರ್ತಿ ಬಿಡಿ.

ಮಂಡ್ಯ ಫೋಮ್‌ಬೋರ್ಡ್:
ಇದೆಲ್ಲ ಸರಿ. ಆದರೆ ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಇಷ್ಟು ಕಷ್ಟಪಟ್ಟು ನೇರ ಮಾಡಿದ ರೆಕ್ಕೆಯನ್ನು ಹಾರಿಸುವವರು ಯಾರು? ವಿಮಾನ ನಮ್ಮ ಕಡೆ ಬರುವಾಗ ಎಡ ಬಲ ಅದಲು ಬದಲಾಗುತ್ತದೆ. ಅದು ಕೈಗೆ ರೂಢಿಯಾಗಲು ವಾರಗಳು ಬೇಕು. ಆ ವಾರಗಳಲ್ಲಿ ಬೀಳುವುದು ಖಚಿತ. ಬಿದ್ದರೆ ಬೀಳಲಿ ಅನ್ನುವಂಥ ವಿಮಾನದಲ್ಲಿ ಕಲಿಯಬೇಕು.

ಬಾಲ್ಸಾ ಬೆಂಗಳೂರು:
ನೀವು ಹೇಳುವುದರಲ್ಲಿ ಅರ್ಧ ನಾನೂ ಒಪ್ಪುತ್ತೇನೆ. ಆದರೆ ಈ ಎರಡು ದಿನದಲ್ಲಿ ಆ ಹುಡುಗಿಗೆ ರೆಕ್ಕೆ ಯಾಕೆ ತಿರುಚಬಾರದು, ಸ್ಟಾಲ್ ಅಂದರೆ ಏನು, ಕೊಳವೆ ಯಾಕೆ ಗಟ್ಟಿ ಅಂತ ಗೊತ್ತಾಯಿತು. ಫೋಮ್‌ಬೋರ್ಡ್‌ನಲ್ಲಿ ಮಡಚಿ ಅಂಟಿಸಿದರೆ ರೆಕ್ಕೆ ಆಗಿಬಿಡುತ್ತದೆ, ಒಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಕಟ್ಟುವುದೂ ಈ ಹವ್ಯಾಸದ ಅರ್ಧ ಭಾಗ. ಅದನ್ನು ಹಾರಾಟಕ್ಕೆ ಮುಂಚಿನ ತೊಂದರೆ ಅಂತ ನೋಡಬಾರದು.

ಮಂಡ್ಯ ಫೋಮ್‌ಬೋರ್ಡ್:
ಫೋಮ್‌ನಲ್ಲೂ ಸ್ಪಾರ್ ಇದೆ, ಸಿಜಿ (ಭಾರ ಸಮತೂಗುವ ಬಿಂದು) ಇದೆ, ಡೈಹೆಡ್ರಲ್ ಇದೆ. ಬೇಗ ಕಟ್ಟಿದ್ದು ಅಂದರೆ ಯೋಚಿಸದೇ ಕಟ್ಟಿದ್ದು ಅಂತ ಅಲ್ಲ. ನಾನು ಒಂದೇ ವರ್ಷದಲ್ಲಿ ಆರು ವಿಮಾನ ಕಟ್ಟಿದೆ. ಪ್ರತಿ ಸಲ ಒಂದೊಂದು ಬದಲಾಯಿಸಿ ನೋಡಿದೆ. ಡೈಹೆಡ್ರಲ್ ಕಡಿಮೆ ಮಾಡಿದರೆ ಏನಾಗುತ್ತದೆ ಅಂತ ಹಾರಿಸಿಯೇ ತಿಳಿದುಕೊಂಡೆ. ಬಾಲ್ಸಾದಲ್ಲಿ ಆರು ಕಟ್ಟಲು ನನಗೆ ಮೂರು ವರ್ಷ ಬೇಕಾಗುತ್ತಿತ್ತು.

ಬಾಲ್ಸಾ ಬೆಂಗಳೂರು:
ಆರು ವಿಮಾನದ ಮಾತು ಚೆನ್ನಾಗಿದೆ. ಅದನ್ನು ನಾನು ಹಾಗೆ ಯೋಚಿಸಿರಲಿಲ್ಲ.

ಒಹಾಯೊ ಕನ್ನಡಿಗ:
ಇಲ್ಲಿನ ಕ್ಲಬ್‌ನಲ್ಲಿ ಎರಡೂ ಕಡೆಯವರಿಗೂ ಸಮಾಧಾನವಾಗುವ ಪದ್ಧತಿ ಇದೆ. ಗುರುವಿನ ರಿಮೋಟು, ಶಿಷ್ಯನ ರಿಮೋಟು ಎರಡನ್ನೂ ಟ್ರೇನರ್ ಕೇಬಲ್‌ನಿಂದ ಜೋಡಿಸುತ್ತಾರೆ. ಗುರು ಒಂದು ಸ್ವಿಚ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಶಿಷ್ಯನ ಕೈಗೆ ವಿಮಾನ. ತಪ್ಪಿದರೆ ಸ್ವಿಚ್ ಬಿಟ್ಟರಾಯಿತು. ನಾನು ಕಲಿತದ್ದು ಹೀಗೇ, ನನ್ನ ಬಾಲ್ಸಾ ಟ್ರೇನರ್‌ಗೆ ಆ ವರ್ಷ ಏನೂ ಆಗಲಿಲ್ಲ. ಜೊತೆಗೆ ರಿಮೋಟನ್ನು ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರ್‌ನಲ್ಲಿ ದಿನಾ ಇಪ್ಪತ್ತು ನಿಮಿಷ ಹಾರಿಸಲಿ. ಎಡ ಬಲದ ಗೊಂದಲ ಅಲ್ಲೇ ಹೋಗುತ್ತದೆ.

ಐಲೆರಾನ್ ಇಲ್ಲದ್ದು ಕೊರತೆ ಅಂತ ಮಗಳಿಗೆ ಅನ್ನಿಸಬಾರದು. ಮಿಶಿಗನ್‌ನ ಗುಡ್ ಅವಳಿ ಸಹೋದರರು 1930ರ ದಶಕದಲ್ಲೇ ರೇಡಿಯೊದಿಂದ ಹಾರಿಸಿದ ಗಫ್ ವಿಮಾನಕ್ಕೂ ರಡ್ಡರ್ ಮತ್ತು ಎಲಿವೇಟರ್ ಮಾತ್ರ ಇದ್ದವು. ಅದು ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಮೈಸೂರಿನ ಅಪ್ಪ:
ಎಲ್ಲರಿಗೂ ಧನ್ಯವಾದ. ನಿಮ್ಮ ಮಾತುಗಳನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಕಾಗದದ ಕೊಳವೆ ಮಾಡಿ ತಿರುಚಿ ನೋಡಿದಳು, ತಕ್ಷಣ ಬ್ಲೇಡ್ ಕೇಳಿದಳು. ಸೀಳುವಾಗ ನನ್ನ ಕೈ ನಡುಗಿತು, ಅವಳದ್ದು ನಡುಗಲಿಲ್ಲ. ಎರಡು ರಿಬ್ ಮುರಿದವು, ಅಂಟಿಸಿದೆವು. ಶನಿವಾರ ರಾತ್ರಿ ಭಾರ ಹೇರಿ ಇಟ್ಟೆವು. ಇವತ್ತು ಅಳೆದರೆ ಬಲ ತುದಿಯ ಹಿಂದಿನ ಅಂಚು ಎರಡೂವರೆ ಮಿ.ಮೀ. ಎದ್ದಿದೆ, ಎಡಭಾಗಕ್ಕೂ ಅದಕ್ಕೂ ಅರ್ಧ ಮಿ.ಮೀ. ವ್ಯತ್ಯಾಸ. ಸಾಕಲ್ವಾ? ಮುಂದೇನು?

ಬಾಲ್ಸಾ ಬೆಂಗಳೂರು:
ಅರ್ಧ ಮಿ.ಮೀ. ಏನೂ ಅಲ್ಲ. ತುಂಬಾ ಖುಷಿಯಾಯಿತು.

ಫಿಲ್ಮ್ ಹಾಕಿ, ಎಲ್ಲ ಜೋಡಿಸಿ, ಬ್ಯಾಟರಿ ಸಮೇತ ಸಿಜಿ ನೋಡಿ. ಅಗಲದ 25ರಿಂದ 30 ಶೇಕಡಾ, ಅಂದರೆ ಮುಂದಿನ ಅಂಚಿನಿಂದ 6ರಿಂದ 7.2 ಸೆಂ.ಮೀ. ಹಿಂದೆ, ಎರಡು ಬೆರಳ ಮೇಲೆ ಎತ್ತಿ ಹಿಡಿದಾಗ ಸಮ ನಿಲ್ಲಬೇಕು. ಮೊದಲ ಹಾರಾಟಕ್ಕೆ 6ರ ಹತ್ತಿರವೇ ಇರಲಿ. ಬಾಲ ಭಾರವಾದರೆ ಸೀಸ ಹಾಕುವ ಮುಂಚೆ ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ ನೋಡಿ. ಮೋಟಾರ್ ಕೂರುವ ಪ್ಲೈವುಡ್ ಗೋಡೆಗೆ ಯಾವ ಅಂಟು ಹಾಕಿದ್ದೀರಿ? ಫೆವಿಕ್ವಿಕ್ ಆದರೆ ಅದರ ಸುತ್ತ ಎಪಾಕ್ಸಿ ಬಳಿಯಿರಿ. ಕಂಪನಕ್ಕೆ ಮೊದಲು ಬಿಡುವುದು ಆ ಜಾಗವೇ.

ಎನ್‌ಸಿಸಿ ಹಳೆ ಕೆಡೆಟ್:
ಪ್ರೊಪೆಲ್ಲರ್ ತೆಗೆದಿಟ್ಟು ರಿಮೋಟ್ ಪರೀಕ್ಷೆ ಮಾಡಿ. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೇಳಬೇಕು. ಬಲಕ್ಕೆ ತಳ್ಳಿದರೆ ರಡ್ಡರ್ ಬಲಕ್ಕೆ ಹೋಗಬೇಕು. ಉಲ್ಟಾ ಇದ್ದು ಬಿದ್ದ ವಿಮಾನಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಮೋಟಾರ್ ಇಲ್ಲದೇ, ಎತ್ತರದ ಹುಲ್ಲಿರುವ ಕಡೆ, ಗಾಳಿಗೆ ಎದುರಾಗಿ ಮೆಲ್ಲಗೆ ಎಸೆದು ನೋಡಿ.

ಕರಾವಳಿ ಗಾಳಿ:
ಜಾಗದ ವಿಷಯ ಮರೆಯಬೇಡಿ. ಮಂಡಕಳ್ಳಿ ವಿಮಾನ ನಿಲ್ದಾಣ ನಿಮ್ಮ ಊರಲ್ಲೇ ಇದೆ. 2021ರ ಡ್ರೋನ್ ನಿಯಮ ನಮ್ಮ ಮಾಡೆಲ್‌ಗಳಿಗೂ ಅನ್ವಯ. ಸರ್ಕಾರದ ಡ್ರೋನ್ ವಲಯಗಳ ನಕ್ಷೆಯಲ್ಲಿ ಹಸಿರು ಇರುವ ಕಡೆ ಮಾತ್ರ ಹಾರಿಸಿ. ಹಸಿರಿನಲ್ಲಿ 400 ಅಡಿ ಮಿತಿ. ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗೆ ಆದರೆ 200 ಅಡಿ. 2 ಕಿಲೋ ಒಳಗಿನ ವಿಮಾನವನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ.

ಮಂಡ್ಯ ಫೋಮ್‌ಬೋರ್ಡ್:
ಮೈಸೂರು ಸರ್, ನನ್ನ ಅಭಿಪ್ರಾಯ ಬದಲಾಗಿಲ್ಲ, ಮೊದಲ ಹಾರಾಟ ಫೋಮ್‌ನಲ್ಲೇ ಆಗಲಿ. ಆದರೆ ಅದಕ್ಕೆ ನೀವು ಇನ್ನೊಂದು ಕಟ್ಟುವುದು ಬೇಡ. ನನ್ನದೇ ಮೂರು ಚಾನೆಲ್‌ನದ್ದು ಇದೆ, ಟ್ರೇನರ್ ಕೇಬಲ್ಲೂ ಇದೆ. ಮಂಡ್ಯದ ಹತ್ತಿರ ನಾವು ಹಾರಿಸುವ ಗದ್ದೆ ಬಯಲು ಹಸಿರು ವಲಯದಲ್ಲಿದೆ, ಕಟಾವು ಮುಗಿದಿದೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಮಗಳನ್ನು ಕರೆದುಕೊಂಡು ಬನ್ನಿ, ಎಂಟರ ಮೇಲೆ ಗಾಳಿ ಏಳುತ್ತದೆ. ಎರಡು ಬ್ಯಾಟರಿ ಖಾಲಿಯಾಗುವಷ್ಟು ಅವಳು ನನ್ನದನ್ನು ಹಾರಿಸಲಿ. ಕೈ ಕುದುರಿದರೆ ಅವತ್ತೇ ನಿಮ್ಮದನ್ನು ನಾನು ಮೇಲಕ್ಕೆ ಒಯ್ದು ಟ್ರಿಮ್ ಮಾಡಿ ಅವಳಿಗೆ ಕೊಡುತ್ತೇನೆ. ನಿಮ್ಮ ರಿಮೋಟಿನ ಹಿಂಬದಿಯ ಟ್ರೇನರ್ ಸಾಕೆಟ್‌ನ ಫೋಟೊ ಹಾಕಿ, ಯಾವ ಪಿನ್ ಅಂತ ನೋಡಬೇಕು.

ಮೈಸೂರಿನ ಅಪ್ಪ:
ಖಂಡಿತ ಬರುತ್ತೇವೆ. ಫೋಟೊ ಸಂಜೆ ಹಾಕುತ್ತೇನೆ, ಈಗ ರಿಮೋಟು ಅವಳ ಹತ್ತಿರ ಇದೆ, ಸಿಮ್ಯುಲೇಟರ್ ಶುರುವಾಗಿದೆ. ಒಂದೇ ಅನುಮಾನ: ಬ್ಯಾಟರಿಯನ್ನು ಶನಿವಾರ ರಾತ್ರಿ ಚಾರ್ಜ್ ಮಾಡಿಟ್ಟರೆ ಆಗುತ್ತಾ, ಇಲ್ಲಾ ಬೆಳಿಗ್ಗೆಯೇ ಮಾಡಬೇಕಾ?

ಮಂಡ್ಯ ಫೋಮ್‌ಬೋರ್ಡ್:
ಶನಿವಾರ ಸಂಜೆ ಮಾಡಿ, ಎದುರಿಗೆ ಕೂತು ಮಾಡಿ, ಹಚ್ಚಿಟ್ಟು ಮಲಗಬೇಡಿ. ಪ್ರತಿ ಸೆಲ್ 4.2 ವೋಲ್ಟ್ ಬಂದರೆ ಸಾಕು. ಮಳೆ ಬಂದು ಹಾರಾಟ ನಿಂತರೆ 3.8ಕ್ಕೆ ಇಳಿಸಿ ಎತ್ತಿಡಿ.